ನಾನು ಮಾಡಿದ ಫಝ್ ರಾತ್ರಿ ಗೆಲ್ಲುತ್ತದೆ, ಮಧ್ಯಾಹ್ನ ಸೋಲುತ್ತದೆ. ಯಾಕೆ?

ಬೆಸುಗೆಹೊಗೆ

ಗೆಳೆಯರೊಬ್ಬರು ತಮ್ಮ ಹಳೇ ಫಝ್ ಫೇಸ್ ಪೆಡಲನ್ನು (ಗಿಟಾರಿನ ದನಿಯನ್ನು ಬೇಕೆಂದೇ ಒರಟು ಮಾಡುವ ಪೆಟ್ಟಿಗೆ) ಹತ್ತು ದಿನಕ್ಕೆ ನನ್ನ ಹತ್ತಿರ ಬಿಟ್ಟು ಹೋಗಿದ್ದಾರೆ. 1960ರ ದಶಕದ ಕೊನೆಯದು. ಮೈಕ್ ಸ್ಟ್ಯಾಂಡಿನ ಬುಡದ ಹಾಗೆ ದುಂಡಗಿದೆ. ಒಳಗೆ ಎರಡೇ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್, ಎನ್‌ಕೆಟಿ275. ಇದೇ ಸರ್ಕ್ಯೂಟ್ ನೋಡಿಕೊಂಡು ಹೋದ ವರ್ಷ ನಾನೂ ಒಂದು ಮಾಡಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಬೇಕು ಅಂತ ಬಹಳ ದಿನದ ಆಸೆ.

ಮೊದಲ ರಾತ್ರಿ ನನ್ನದೇ ಚೆನ್ನಾಗಿತ್ತು! ತುಂಬಿದ ದನಿ. ನೋಟ್ ಉದ್ದಕ್ಕೆ ನಿಂತು ಮೆಲ್ಲಗೆ ಕರಗುತ್ತಿತ್ತು. ಅಸಲಿ ಅದರ ಮುಂದೆ ಸ್ವಲ್ಪ ಮಂಕು. ಖುಷಿಯಲ್ಲಿ ಮಲಗಿದೆ. ಮರುದಿನ ಮಧ್ಯಾಹ್ನ ಮತ್ತೆ ಹಚ್ಚಿದರೆ ಎಲ್ಲ ಉಲ್ಟಾ. ಅಸಲಿ ಹಾಡುತ್ತಿದೆ, ನನ್ನದು ಬಿಕ್ಕುತ್ತಿದೆ. ನೋಟ್ ಕೊನೆಗೆ ಬರುವಷ್ಟರಲ್ಲಿ ಚರ್ ಅಂತ ಹರಿದು ನಿಂತೇಬಿಡುತ್ತದೆ. ಆ ರಾತ್ರಿ ನೋಡಿದರೆ ಮತ್ತೆ ನನ್ನದೇ ಮೇಲು.

ಅದೇ ಗಿಟಾರ್, ಅದೇ ಆಂಪ್, ಅದೇ ಕೇಬಲ್. ಅಸಲಿಯ ಒಳಗಿದ್ದ ಬ್ಯಾಟರಿ 7.4 ವೋಲ್ಟಿಗೆ ಇಳಿದಿತ್ತು. ಅದನ್ನು ಎಸೆದು ಎರಡಕ್ಕೂ ಒಂದೇ ಥರದ ಹೊಸ ಬ್ಯಾಟರಿ ಹಾಕಿದ್ದೇನೆ. ನನ್ನ ಕಿವಿ ಕೆಟ್ಟಿದೆಯಾ, ಇಲ್ಲಾ ಹಳೇ ಪೆಡಲಿನಲ್ಲಿ ಏನಾದರೂ ಮಾಟ ಇದೆಯಾ?

ಹಳೇತಂತಿ

ಮಾಟ ಅಂದದ್ದು ನೀವು, ನಾನಲ್ಲ. ಆದರೆ ಐವತ್ತು ವರ್ಷಕ್ಕೂ ಮೇಲೆ ಮಾಗಿದ ಭಾಗಗಳು ಅವು. ಅದನ್ನು ಒಂದು ಭಾನುವಾರ ಕೂತು ಬೆಸೆದು ತರೋಕೆ ಆಗಲ್ಲ. ರಾತ್ರಿ ನಿಮಗೆ ಕೇಳಿದ್ದು ನಿಮ್ಮ ಕೈಕೆಲಸದ ಮೇಲಿನ ಪ್ರೀತಿ. ಮಧ್ಯಾಹ್ನ ಕೇಳಿದ್ದು ನಿಜ. ಬೇಜಾರಾಗಬೇಡಿ.

ಓಮ್‌ಲೆಕ್ಕ

ಪ್ರೀತಿ ಹಗಲು ಒಂದು ಥರ, ರಾತ್ರಿ ಒಂದು ಥರ ಇರುತ್ತಾ ಸರ್?

ಬೆಸುಗೆಹೊಗೆ ಅವರೇ, ರೂಮಿನಲ್ಲಿ ಒಂದು ಥರ್ಮಾಮೀಟರ್ ಇಡಿ. ರಾತ್ರಿ ಒಮ್ಮೆ, ಮಧ್ಯಾಹ್ನ ಒಮ್ಮೆ, ಎರಡೂ ಪೆಡಲಿನ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ (ಬೇಸ್, ಎಮಿಟರ್ ಜೊತೆಗಿನ ಮೂರನೇ ಕಾಲು) ವೋಲ್ಟೇಜ್ ಅಳೆದು ಹಾಕಿ. ಫಝ್ ಫೇಸ್‌ನಲ್ಲಿ ಅದು ಬ್ಯಾಟರಿಯ ಅರ್ಧ, ಅಂದರೆ 4.5ರ ಹತ್ತಿರ ಇರಬೇಕು. ಇನ್ನೊಂದು ಪ್ರಶ್ನೆ. ಎರಡರ ಸದ್ದನ್ನೂ ಸಮ ಮಾಡಿಕೊಂಡು ಕೇಳಿದಿರಾ, ಅಥವಾ ಎರಡರ ನಾಬನ್ನೂ ಪೂರ್ತಿ ತಿರುಗಿಸಿ ಕೇಳಿದಿರಾ?

ಬೆಸುಗೆಹೊಗೆ

ಪೂರ್ತಿ ತಿರುಗಿಸಿ. ಹಾಗಲ್ವಾ ಕೇಳೋದು?

ಓಮ್‌ಲೆಕ್ಕ

ನಿಮ್ಮದರಲ್ಲಿ 470 ಓಮ್ ರೆಸಿಸ್ಟರ್ ಹಾಗೇ ಇದೆಯಾ, ಬದಲಾಯಿಸಿದ್ದೀರಾ?

ಬೆಸುಗೆಹೊಗೆ

1 ಕೆ, ಅಂದರೆ ಸಾವಿರ ಓಮ್ ಹಾಕಿದ್ದೇನೆ. ಸದ್ದು ಸಾಲದು ಅಂತ ಎಲ್ಲರೂ ಹಾಗೇ ಮಾಡುತ್ತಾರಲ್ಲ.

ಓಮ್‌ಲೆಕ್ಕ

ಸಿಕ್ಕಿತು ನೋಡಿ, ಅರ್ಧ ಕಳ್ಳ. ಎರಡನೇ ಟ್ರಾನ್ಸಿಸ್ಟರಿನ ಮೇಲೆ 470 ಓಮ್ ಮತ್ತು 8.2 ಕೆ ಸಾಲಾಗಿ ನಿಂತಿವೆ. ಸದ್ದು ಹೊರಗೆ ಹೋಗುವುದು ಅವೆರಡರ ನಡುವಿನಿಂದ. ಅಂದರೆ ಒಳಗೆ ಹುಟ್ಟಿದ್ದರಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಆಚೆ ಬರುತ್ತದೆ. ನೀವು 1 ಕೆ ಹಾಕಿದಾಗ ಅದು ಒಂಬತ್ತರಲ್ಲಿ ಒಂದು ಪಾಲಾಯಿತು. ನಿಮ್ಮ ಪೆಡಲ್ ಆಂಪಿಗೆ ಕೊಡುತ್ತಿರುವುದು ಹೆಚ್ಚು ಕಡಿಮೆ ಎರಡರಷ್ಟು. ಸದ್ದು ಜಾಸ್ತಿ ಇರುವುದೇ ಕಿವಿಗೆ ಚೆಂದ. ಇದು ನಿಮ್ಮ ತಪ್ಪಲ್ಲ, ಎಲ್ಲರ ಕಿವಿಯೂ ಹೀಗೇ. ಆಂಪ್ ಮುಂದೆ ಮೀಟರ್ ಇಟ್ಟು ಸಮ ಮಾಡಿಕೊಂಡು ಮತ್ತೆ ಕೇಳಿ.

ಆದರೆ ಮಧ್ಯಾಹ್ನ ಸೋತದ್ದು ಯಾಕೆ ಅನ್ನುವುದಕ್ಕೆ ಇದು ಉತ್ತರ ಅಲ್ಲ. ಅದಕ್ಕೆ ವೋಲ್ಟೇಜ್ ಬೇಕು.

ಗೊರಗೊರ

ಅಳತೆ ಬರುವ ತನಕ ಒಂದು ಮಾತು. ಹಳೇತಂತಿ ಅಣ್ಣ, ಅಸಲಿ ಅಸಲಿ ಅಂತೀರಲ್ಲ, ಫಝ್ ಫೇಸೇ ಎಷ್ಟು ಅಸಲಿ? 1965ರಲ್ಲಿ ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ ಮಾಡಿದ್ದು ಟೋನ್ ಬೆಂಡರ್. ಅದಕ್ಕೆ ತಳಹದಿ ಅಮೆರಿಕದ ಮಾಯೆಸ್ಟ್ರೋ ಫಝ್ ಟೋನ್. ಅದರ ನೋಟ್ ಬೇಗ ಸಾಯುತ್ತಿತ್ತು, ಇವರು ಉದ್ದ ಮಾಡಿದರು. ಆಮೇಲೆ ಟೋನ್ ಬೆಂಡರಿನ ಎರಡು ಟ್ರಾನ್ಸಿಸ್ಟರ್ ಮಾದರಿ ಬಂತು. 1966ರಲ್ಲಿ ಬಂದ ಫಝ್ ಫೇಸ್ ಸರ್ಕ್ಯೂಟನ್ನು ಅದರ ಪಕ್ಕ ಇಟ್ಟು ನೋಡಿ. ಅವಳಿ ಜವಳಿ. ನಾವು ಪೂಜೆ ಮಾಡುತ್ತಿರುವುದೇ ಒಂದು ಕ್ಲೋನ್.

ಹಳೇತಂತಿ

ತಮ್ಮಾ, ಇನ್ನೂ ಹಿಂದಕ್ಕೆ ಹೋಗೋಣ ಬಾ. 1961ರಲ್ಲಿ ಹಿಟ್ ಆದ ಮಾರ್ಟಿ ರಾಬಿನ್ಸ್ ಅವರ ಹಾಡೊಂದು ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಆಗುತ್ತಿತ್ತು. ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರಿನ ಸೋಲೋ ಹರಿದ ಬಟ್ಟೆಯ ಹಾಗೆ ಕೇಳಿಸಿತು. ಅದನ್ನು ಹಾಗೇ ಉಳಿಸಿಕೊಂಡರು. ಆ ಕೆಟ್ಟ ಸದ್ದನ್ನು ಬೇಕೆಂದೇ ಹುಟ್ಟಿಸುವ ಸರ್ಕ್ಯೂಟನ್ನು ಆ ದಿನದ ಎಂಜಿನಿಯರ್ ಗ್ಲೆನ್ ಸ್ನಾಡಿ ಮಾಡಿದರು. 1962ರಲ್ಲಿ ಗಿಬ್ಸನ್ ಅದನ್ನೇ ಮಾಯೆಸ್ಟ್ರೋ ಹೆಸರಲ್ಲಿ ಮಾರಿತು. ಹಾಗಾಗಿ ಮೊದಲ ಫಝ್ ಪೆಡಲ್ ಕೂಡ ಒಂದು ಕೆಟ್ಟುಹೋದ ಮೆಷಿನ್ನಿನ ನಕಲೇ. ಇದು ನನಗೂ ಗೊತ್ತು.

ಆದರೂ ನಾನು ಹೇಳುವುದು ಬೇರೆ. ನಾವು ಕೇಳಿ ಹುಚ್ಚಾದ ರೆಕಾರ್ಡುಗಳು ಆ ಪೆಟ್ಟಿಗೆಗಳಿಂದ ಬಂದವು. ಕ್ಲೋನ್ ಮಾಡುವವನಿಗೂ ಹೋಲಿಸಿ ನೋಡಲು ಅದೇ ಬೇಕು. ಇಲ್ಲದಿದ್ದರೆ ಅವನು ಯಾವುದರ ಕ್ಲೋನ್ ಮಾಡುತ್ತಾನೆ?

ಆರನೇತಂತಿ

ಯಾವ ಅಸಲಿಯನ್ನು ಅನ್ನುವುದೂ ಒಂದು ಪ್ರಶ್ನೆ ಅಲ್ವಾ? ನಾನು ಮೂರು ಹಳೇ ಜರ್ಮೇನಿಯಂ ಫಝ್ ಫೇಸ್ ನುಡಿಸಿದ್ದೇನೆ. ಒಂದು ಬಂಗಾರ. ಒಂದು ಪರವಾಗಿಲ್ಲ. ಮೂರನೆಯದು ಕಸ, ಅದರಲ್ಲಿ ಫಝ್ ನಾಬ್ ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. ಮೂರೂ ಅಸಲಿಯೇ.

ಗೊರಗೊರ

ಬಿಗ್ ಮಫ್ ಅನ್ನುವ ಇನ್ನೊಂದು ಫಝ್ ಪೆಡಲಿನಲ್ಲೂ ಇದೇ ಗೋಳು. ಅದು 1969ರಲ್ಲಿ ಶುರುವಾಯಿತು. ನಾಲ್ಕು ಸಿಲಿಕಾನ್ ಟ್ರಾನ್ಸಿಸ್ಟರ್, ನಡುವೆ ಎರಡು ಕಡೆ ಡಯೋಡ್ ಇಟ್ಟು ಸದ್ದಿನ ತಲೆ ಕತ್ತರಿಸುತ್ತಾರೆ. ಒಂದೇ ಕಾಲದಲ್ಲಿ ಬಂದ ಎರಡು ಮಫ್ ತೆರೆದರೆ ಒಳಗೆ ಬೇರೆ ಬೇರೆ ಅಳತೆಯ ರೆಸಿಸ್ಟರ್, ಕೆಪಾಸಿಟರ್. ಆದರೆ ಒಂದು ಅನುಕೂಲ ಇದೆ. ಸಿಲಿಕಾನ್ ಆದ್ದರಿಂದ ಒಳಗಿನ ಅಳತೆ ಗೊತ್ತಾದರೆ ಮುಗೀತು, ಹಾಗೇ ಬೆಸೆದರೆ ಹಾಗೇ ಕೂಗುತ್ತದೆ. ನಾನು ಮಾಡಿದ ಮಫ್ ಮತ್ತು ಹಳೇ ಮಫ್ ನಡುವೆ ವ್ಯತ್ಯಾಸ ಹುಡುಕಿ ಹುಡುಕಿ ಸುಸ್ತಾಗಿದ್ದೇನೆ. ಜರ್ಮೇನಿಯಂ ಕಟ್ಟಿಕೊಂಡವರ ಪಾಡೇ ಬೇರೆ.

ಹೊಸಬ_ಫಝ್

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನೂ ಒಂದು ಮಾಡಬೇಕು ಅಂತಿದ್ದೇನೆ. ಎನ್‌ಕೆಟಿ275ನೇ ಹುಡುಕಬೇಕಾ? ಹೆಸರು ಅಚ್ಚಾಗಿರುವುದು ಮಾರಾಟಕ್ಕಿದೆ, ಆದರೆ ವಿಪರೀತ ರೇಟು.

ಓಮ್‌ಲೆಕ್ಕ

ಬೇಡ. ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ನನಗೊಮ್ಮೆ ಒಬ್ಬ ಮಾರಾಟಗಾರ ಕಳಿಸಿದ್ದನ್ನು ಉಗುರುಬಣ್ಣ ತೆಗೆಯುವ ದ್ರವದಲ್ಲಿ ಒರೆಸಿದೆ. ಎನ್‌ಕೆಟಿ ಅಳಿಸಿತು, ಕೆಳಗೆ ಬೇರೆಯೇ ನಂಬರ್ ಇತ್ತು. ತಮಾಷೆ ಅಂದರೆ ಆ ಜೋಡಿ ಬಹಳ ಚೆನ್ನಾಗಿ ನುಡಿಯಿತು. ಈಗಲೂ ನನ್ನ ಬೋರ್ಡಿನಲ್ಲಿದೆ.

ನೋಡಬೇಕಾದದ್ದು ಗೇನ್ (ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ) ಮತ್ತು ಲೀಕೇಜ್, ಅಂದರೆ ಸೋರಿಕೆ. ಮೊದಲನೆಯದಕ್ಕೆ 70ರಿಂದ 80, ಎರಡನೆಯದಕ್ಕೆ 110ರಿಂದ 130 ಗೇನ್ ಇದ್ದರೆ ಒಳ್ಳೇ ಜೋಡಿ. ಆದರೆ ಮೀಟರಿನ ಗೇನ್ ತೂತನ್ನು ನಂಬಬೇಡಿ. ಜರ್ಮೇನಿಯಂ ಸೋರುತ್ತದೆ. ಬೇಸ್ ಕಾಲಿಗೆ ಏನೂ ಕೊಡದಿದ್ದರೂ ಕಲೆಕ್ಟರಿನಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ಮೀಟರ್ ಅದನ್ನೂ ಗೇನ್ ಅಂತಲೇ ಎಣಿಸುತ್ತದೆ. 110 ತೋರಿಸಿದ್ದರ ನಿಜವಾದ ಗೇನ್ 80 ಇರಬಹುದು.

ಸುಲಭದ ದಾರಿ ಹೀಗೆ. 9 ವೋಲ್ಟ್ ಬ್ಯಾಟರಿ ತಗೊಳ್ಳಿ. ಇವು ಪಿಎನ್‌ಪಿ ಥರದ ಟ್ರಾನ್ಸಿಸ್ಟರ್ ಆದ್ದರಿಂದ ಪ್ಲಸ್ ಎಮಿಟರಿಗೆ. ಕಲೆಕ್ಟರಿನಿಂದ ಮೈನಸ್‌ಗೆ 2.472 ಕೆ. ಅಷ್ಟು ಕರಾರುವಾಕ್ಕಾಗಿ ಸಿಗಲ್ಲ, ಎರಡು ಮೂರು ರೆಸಿಸ್ಟರ್ ಸೇರಿಸಿ ಮಾಡಿಕೊಳ್ಳಿ. ಬೇಸ್ ಬಿಟ್ಟುಬಿಟ್ಟು ಆ ರೆಸಿಸ್ಟರಿನ ಎರಡು ತುದಿಗೆ ಎಷ್ಟು ವೋಲ್ಟ್ ಇದೆ ನೋಡಿ, ಅದು ಸೋರಿಕೆ. ಆಮೇಲೆ ಬೇಸಿನಿಂದ ಮೈನಸ್‌ಗೆ 2.2 ಮೆಗಾ ಓಮ್ ಮುಟ್ಟಿಸಿ. ಈಗ ಬಂದದ್ದರಲ್ಲಿ ಮೊದಲಿನದನ್ನು ಕಳೆದು ನೂರರಿಂದ ಗುಣಿಸಿ. ಅದೇ ಗೇನ್. ಬೆರಳಲ್ಲಿ ಹಿಡಿದ ಟ್ರಾನ್ಸಿಸ್ಟರನ್ನು ತಕ್ಷಣ ಅಳೆಯಬೇಡಿ. ಕೈಬಿಸಿಗೇ ಲೆಕ್ಕ ತಪ್ಪುತ್ತದೆ, ಸ್ವಲ್ಪ ಆರಲು ಬಿಡಿ.

ಬೆಸುಗೆಹೊಗೆ

ಅಳತೆ ತಂದಿದ್ದೇನೆ. ಪ್ಲಸ್ ಗ್ರೌಂಡ್ ಪೆಡಲ್, ಮೈನಸ್ ಚಿಹ್ನೆ ಬಿಟ್ಟು ಬರೆಯುತ್ತಿದ್ದೇನೆ. ಎರಡರಲ್ಲೂ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್.

ರಾತ್ರಿ ರೂಮು 19 ಡಿಗ್ರಿ. ನನ್ನದು 4.5, ಅಸಲಿ 3.8.
ಮಧ್ಯಾಹ್ನ 31 ಡಿಗ್ರಿ. ನನ್ನದು 5.6, ಅಸಲಿ 4.6.

ನೋಡಿ ತಲೆ ಕೆರೆದುಕೊಂಡೆ. ಆಮೇಲೆ ನೆನಪಾಯಿತು, ನಾನು ಟ್ರಿಮ್‌ಪಾಟ್ (ವೋಲ್ಟೇಜ್ ಹೊಂದಿಸುವ ಒಳಗಿನ ಪುಟ್ಟ ತಿರುಗಣೆ) ತಿರುಗಿಸಿ 4.5ಕ್ಕೆ ಕೂರಿಸಿದ್ದು ಒಂದು ರಾತ್ರಿ, ಹನ್ನೊಂದು ಗಂಟೆ ಮೇಲೆ.

ಓಮ್‌ಲೆಕ್ಕ

ಇನ್ನರ್ಧ ಕಳ್ಳನೂ ಸಿಕ್ಕಿದ. ಕೈ ಕೊಡಿ.

ಬಿಸಿ ಏರಿದ ಹಾಗೆ ಜರ್ಮೇನಿಯಂ ಜಾಸ್ತಿ ಸೋರುತ್ತದೆ. ಸುಮಾರು ಹತ್ತು ಡಿಗ್ರಿಗೆ ಎರಡರಷ್ಟು ಅಂತ ಇಟ್ಟುಕೊಳ್ಳಿ. ಮೊದಲ ಟ್ರಾನ್ಸಿಸ್ಟರಿಗೆ ಬೇಕಾದ ಕರೆಂಟಿನಲ್ಲಿ ಒಂದು ಪಾಲು ಸೋರಿಕೆಯಿಂದಲೇ ಬಂದುಬಿಡುತ್ತದೆ. ಆಗ ಅದರ ಬೇಸ್ ಕಾಲಿಗೆ ಕಡಿಮೆ ಸಾಕು. ಆ ಬೇಸ್ ಕಾಲಿಗೆ ಕರೆಂಟ್ ಬರುವುದು ಎರಡನೇ ಟ್ರಾನ್ಸಿಸ್ಟರಿನ ಎಮಿಟರಿನಿಂದ, 100 ಕೆ ಮೂಲಕ. ಇಲ್ಲಿ ಬೇಡಿಕೆ ಇಳಿದರೆ ಅಲ್ಲೂ ಕರೆಂಟ್ ಇಳಿಯುತ್ತದೆ. ಎರಡನೆಯದರಲ್ಲಿ ಕರೆಂಟ್ ಇಳಿದರೆ ಅದರ ಕಲೆಕ್ಟರ್ ಬ್ಯಾಟರಿ ಕಡೆಗೆ ಸರಿಯುತ್ತದೆ. 4.5 ಇದ್ದದ್ದು 5.6 ಆಯಿತು. ಈಗ ಅಲೆಗೆ ಒಂದು ಕಡೆ ಜಾಗ ಸಾಲದು, ಸಣ್ಣ ಸದ್ದಿಗೆ ಬಾಗಿಲೇ ತೆರೆಯುವುದಿಲ್ಲ. ನಿಮ್ಮ ಬಿಕ್ಕಳಿಕೆ ಅದೇ.

ಅಸಲಿಯೂ ಹೀಗೇ ಮೇಲಕ್ಕೆ ಸರಿಯುತ್ತಿದೆ, ಅದು ಹೊರಟ ಜಾಗ ಮಾತ್ರ ಕೆಳಗಿದೆ. ರಾತ್ರಿ 3.8ರಲ್ಲಿ ಮಂಕು, ಮಧ್ಯಾಹ್ನ ಸರಿಯಾಗಿ ನಡುಮಧ್ಯಕ್ಕೆ ಬಂದು ಕೂತಿತು. ಅಂದರೆ ನೀವು ಈ ತನಕ ಹೋಲಿಸಿದ್ದು ಎರಡು ಬಯಾಸ್ (ಟ್ರಾನ್ಸಿಸ್ಟರ್ ಕೂತಿರುವ ವೋಲ್ಟೇಜ್) ಅಷ್ಟೇ, ಪೆಡಲುಗಳನ್ನಲ್ಲ.

ಹಳೇತಂತಿ

ಒಪ್ಪಿದೆ, ಆದರೆ ಅಸಲಿ ಯಾಕೆ ಕೆಳಗಿನಿಂದ ಹೊರಡುತ್ತದೆ? ಅದು ಮಾಗಿದ್ದಕ್ಕೇ ತಾನೆ?

ಓಮ್‌ಲೆಕ್ಕ

ಒಂದು ಲೆಕ್ಕದಲ್ಲಿ ಹೌದು! ಹಳೇ ಕಾರ್ಬನ್ ಕಾಂಪೋಸಿಷನ್ ರೆಸಿಸ್ಟರುಗಳು ವಯಸ್ಸಾದ ಹಾಗೆ, ತೇವ ಎಳೆದ ಹಾಗೆ ಮೇಲಕ್ಕೆ ಏರುತ್ತವೆ. ಇದರಲ್ಲಿ ಯಾವ ಥರದವಿವೆಯೋ ನೋಡಬೇಕು. ಬ್ಯಾಟರಿ ತೆಗೆದು ಬೋರ್ಡಿನ ಮೇಲೇ ಅಳೆಯಿರಿ. ಪ್ರೋಬುಗಳನ್ನು ಅದಲು ಬದಲು ಮಾಡಿ ಎರಡು ಸಲ ಅಳೆದು ದೊಡ್ಡದನ್ನು ಬರೆದುಕೊಳ್ಳಿ. ಅಕ್ಕಪಕ್ಕದ ದಾರಿಗಳು ಸೇರಿಕೊಂಡು ಬೋರ್ಡಿನ ಮೇಲೆ ಓದಿದ್ದು ಕಡಿಮೆ ಬರಬಹುದು, ಜಾಸ್ತಿ ಬರುವುದಿಲ್ಲ. ಬೆಸುಗೆ ಬಿಚ್ಚಬೇಡಿ, ಬೇರೆಯವರ ವಸ್ತು.

ಬೆಸುಗೆಹೊಗೆ

100 ಕೆ ಬರೆದಿರುವುದು 113 ತೋರಿಸುತ್ತಿದೆ. 33 ಕೆ ಇರಬೇಕಾದದ್ದು 36. 8.2 ಕೆ ಈಗ 9. ಎಲ್ಲವೂ ಮೇಲೆ.

ಓಮ್‌ಲೆಕ್ಕ

100 ಕೆ ಏರಿದರೆ ಅದೇ ಬೇಸ್ ಕರೆಂಟಿಗೆ ಎಮಿಟರಿನಲ್ಲಿ ಜಾಸ್ತಿ ವೋಲ್ಟೇಜ್ ಬೇಕು, ಎರಡನೆಯದರಲ್ಲಿ ಕರೆಂಟ್ ಏರುತ್ತದೆ, ಕಲೆಕ್ಟರ್ ಕೆಳಗೆ ಇಳಿಯುತ್ತದೆ. 8.2 ಕೆ ಏರಿದ್ದೂ ಅದನ್ನೇ ಮಾಡುತ್ತದೆ. 33 ಕೆ ಏರಿದ್ದು ಸ್ವಲ್ಪ ಉಲ್ಟಾ ಎಳೆಯುತ್ತದೆ, ಆದರೆ ಸೋಲುತ್ತದೆ. ನಾನು ಲೆಕ್ಕ ಹಾಕಿದರೆ 4ರ ಆಸುಪಾಸು ಬಂತು.

ಇನ್ನೊಂದು ಹೊಳೆಯಿತು. ಈ ಪೆಡಲ್ ಹೊಸದಾಗಿದ್ದಾಗ ಹೀಗೆ ಕೇಳುತ್ತಿರಲಿಲ್ಲ. ಹಳೇತಂತಿ ಸರ್, ನಿಮ್ಮ ಆ ರೆಕಾರ್ಡುಗಳಲ್ಲಿ ಇದ್ದದ್ದು ಹೊಸ ಪೆಡಲುಗಳು. 100 ಕೆ ಆಗ 100ರ ಹತ್ತಿರವೇ ಇತ್ತು.

ಹಳೇತಂತಿ

ಹ್ಞೂಂ. ಇದಕ್ಕೆ ಉತ್ತರ ಯೋಚಿಸಿ ಹೇಳುತ್ತೇನೆ.

ಬೆಸುಗೆಹೊಗೆ

ಸರಿ, ಈಗ ನ್ಯಾಯವಾಗಿ ಹೋಲಿಸೋಣ. ಲೂಪರಿನಲ್ಲಿ ಒಂದು ತುಣುಕು ರೆಕಾರ್ಡ್ ಮಾಡಿ ಎರಡಕ್ಕೂ ಅದನ್ನೇ ಹರಿಸಿದರೆ ಕೈ ವ್ಯತ್ಯಾಸ ಕೂಡ ಇರಲ್ಲ, ಅಲ್ವಾ?

ಆರನೇತಂತಿ

ಅಯ್ಯೋ ಬೇಡ ಮಾರಾಯ್ರೇ. ಫಝ್ ಫೇಸ್ ಗಿಟಾರಿನ ಪಿಕಪ್ಪನ್ನು (ತಂತಿಯ ಅದುರನ್ನು ಹಿಡಿಯುವ ಕಾಯಿಲ್) ನೇರವಾಗಿ ಹಿಡಿದುಕೊಳ್ಳಬೇಕು. ಅದರ ಇನ್‌ಪುಟ್ ಇಂಪಿಡೆನ್ಸ್, ಅಂದರೆ ಒಳಬರುವ ಸದ್ದಿಗೆ ಒಡ್ಡುವ ತಡೆ, ಬಹಳ ಕಡಿಮೆ, ಪಿಕಪ್ಪಿನ ಕಾಯಿಲ್ ಕೂಡ ಸರ್ಕ್ಯೂಟಿನ ಭಾಗವೇ ಆಗಿಬಿಡುತ್ತದೆ. ಗಿಟಾರಿನ ವಾಲ್ಯೂಮ್ ಒಂಚೂರು ಇಳಿಸಿದರೆ ಫಝ್ ಮಾಯವಾಗಿ ಗಾಜಿನಂಥ ಕ್ಲೀನ್ ದನಿ ಬರುತ್ತದಲ್ಲ, ಅದರ ಗುಟ್ಟು ಅಲ್ಲೇ ಇರುವುದು. ನಡುವೆ ಲೂಪರ್ ಬಂದರೆ ಎರಡೂ ಪೆಡಲ್ ಒಂದೇ ಥರ ಕೀಚಲಾಗುತ್ತವೆ.

ಹೊಸಬ_ಫಝ್

ಅದಕ್ಕೇನಾ ನನ್ನ ಫಝ್ ಕೀಚು ಕೀಚು ಅನ್ನೋದು? ಮುಂದೆ ಟ್ಯೂನರ್ ಇಟ್ಟಿದ್ದೇನೆ, ಬಫರ್ ಇರೋದು.

ಆರನೇತಂತಿ

ಅದಕ್ಕೇ. ಟ್ಯೂನರನ್ನು ಹಿಂದಕ್ಕೆ ಹಾಕು, ಫಝ್ ಎಲ್ಲಕ್ಕಿಂತ ಮೊದಲು ಇರಲಿ. ದುಡ್ಡು ಖರ್ಚಿಲ್ಲದ ರಿಪೇರಿ.

ಬೆಸುಗೆಹೊಗೆ

ಎರಡು ದಿನ ಕೂತೆ. ಮಧ್ಯಾಹ್ನದ ಬಿಸಿಯಲ್ಲಿ ಅಸಲಿ 4.6ರಲ್ಲಿರುವಾಗ ನನ್ನದನ್ನೂ ಟ್ರಿಮ್‌ಪಾಟ್ ತಿರುಗಿಸಿ 4.6ಕ್ಕೆ ತಂದೆ. ಸದ್ದು ಮೀಟರ್ ಇಟ್ಟು ಸಮ ಮಾಡಿದೆ. ಲೂಪರ್ ಇಲ್ಲ. ನಾನು ಗೋಡೆ ಕಡೆ ಮುಖ ಮಾಡಿ ನುಡಿಸಿದೆ, ತಂಗಿ ಹಿಂದೆ ಕೂತು ಪೆಡಲ್ ಬದಲಾಯಿಸಿದಳು, ಮನಸ್ಸಿಗೆ ಬಂದ ಹಾಗೆ. ಇಪ್ಪತ್ತು ಸಲ. ಗಿಟಾರ್ ವಾಲ್ಯೂಮ್ ಪೂರ್ತಿ, ಫಝ್ ಪೂರ್ತಿ.

ಸರಿಯಾಗಿ ಹೇಳಿದ್ದು ಹನ್ನೊಂದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಆಮೇಲೆ ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ಇಳಿಸಿ ಮತ್ತೆ ಇಪ್ಪತ್ತು ಸಲ. ಈಗ ಹದಿನೇಳು! ಕಣ್ಣು ಮುಚ್ಚಿಕೊಂಡೇ ಗೊತ್ತಾಗುತ್ತಿತ್ತು. ಅಸಲಿಯಲ್ಲಿ ದಪ್ಪ ತಂತಿಗಳು ಬಿಗಿಯಾಗಿವೆ, ನನ್ನದರಲ್ಲಿ ಹೊಟ್ಟೆ ಬಂದಿದೆ. ಹಳೇತಂತಿ ಸರ್, ಇದು ನಿಮಗೆ.

ಹಳೇತಂತಿ

ನಾನು ಬಾಯಿ ಮುಚ್ಚಿಕೊಂಡಿದ್ದು ಒಳ್ಳೆಯದೇ ಆಯಿತು ನೋಡಿ. ಕಾರಣ ಏನಾದರೂ ಇರಲಿ, ನಿಮಗೂ ಕೇಳಿಸಿತಲ್ಲ!

ಓಮ್‌ಲೆಕ್ಕ

ಖಂಡಿತ ವ್ಯತ್ಯಾಸ ಇದೆ. ಫಝ್ ಪೂರ್ತಿ ಇದ್ದಾಗ ಎಲ್ಲವೂ ಚೌಕಾಕಾರಕ್ಕೆ ಕತ್ತರಿಸಿಹೋಗಿ ಒಳಗಿನ ಕೊರತೆಗಳು ಮುಚ್ಚಿಹೋಗುತ್ತವೆ. ಕ್ಲೀನ್ ಮಾಡಿದಾಗ ಆಚೆ ಬರುತ್ತವೆ. ನನ್ನ ಅನುಮಾನ ಫಝ್ ನಾಬಿಗೆ ಕಟ್ಟಿರುವ 20 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೇಲೆ. ಅದು ಒಣಗಿ ಅರ್ಧಕ್ಕೆ ಬಂದಿದ್ದರೆ ಕೆಳಗಿನ ಸ್ವರಗಳಿಗೆ ಗೇನ್ ಕಡಿಮೆ ಸಿಗುತ್ತದೆ. ಅಸಲಿ ಮುಟ್ಟಬೇಡಿ. ನಿಮ್ಮದರಲ್ಲಿರುವ 22 ತೆಗೆದು 10 ಹಾಕಿ ಕೇಳಿ.

ಬೆಸುಗೆಹೊಗೆ

ಕ್ರೊಕೊಡೈಲ್ ಕ್ಲಿಪ್ಪಿನಲ್ಲಿ 10 ಸಿಕ್ಕಿಸಿದೆ. ಹೊಟ್ಟೆ ಕರಗಿತು. ಅರ್ಧ ವಾಲ್ಯೂಮಿನಲ್ಲಿ ಮತ್ತೆ ಇಪ್ಪತ್ತು ಸಲ, ಸರಿ ಹೇಳಿದ್ದು ಹನ್ನೆರಡು. ತಂಗಿ ಇನ್ನು ಬರಲ್ಲ ಅಂದಿದ್ದಾಳೆ.

ಈಗ ಹೊಸ ಕಷ್ಟ. ಹೊಸ ಪೆಡಲಿಗೆ ನಾನೇ ಮುಪ್ಪು ಹಚ್ಚುತ್ತಿದ್ದೇನಾ?

ಗೊರಗೊರ

ಮುಪ್ಪು ಅಂತ ಯಾಕೆ ಅಂದುಕೊಳ್ತೀರಿ, ನಿಮಗೆ 10 ಇಷ್ಟ ಆಯಿತು ಅಷ್ಟೇ. ನಾನು ಒಂದು ಸ್ವಿಚ್ ಹಾಕಿ ಎರಡನ್ನೂ ಇಟ್ಟುಕೊಳ್ಳುತ್ತಿದ್ದೆ.

ಹಳೇತಂತಿ

ನನ್ನ ಉತ್ತರ ಈಗ ಹೇಳುತ್ತೇನೆ. ರೆಕಾರ್ಡಿನಲ್ಲಿದ್ದದ್ದು ಹೊಸ ಪೆಡಲ್, ನಿಜ. ನಾನು ಮೂವತ್ತು ವರ್ಷದಿಂದ ನುಡಿಸುತ್ತಿರುವುದು ಮಾತ್ರ ಮುದಿ ಪೆಡಲ್. ನನ್ನ ಕೈ ಅದಕ್ಕೆ ಒಗ್ಗಿದೆ. ಮಧ್ಯಾಹ್ನ ಹೇಗೆ ಹೊಡೆಯಬೇಕು, ರಾತ್ರಿ ಹೇಗೆ ಅನ್ನುವುದು ಕೈಗೆ ಗೊತ್ತು. ಅದನ್ನು ಮಾರುವುದಿಲ್ಲ. ಆದರೆ ಹೊಸಬರು ಯಾರಾದರೂ ಕೇಳಿದರೆ, ಒಳ್ಳೇ ಟ್ರಾನ್ಸಿಸ್ಟರ್ ಆರಿಸಿ ಕೈಯಲ್ಲಿ ಮಾಡಿದ್ದನ್ನೇ ತಗೋ ಅನ್ನುತ್ತೇನೆ. ಹೊರಗೆ ಬಯಾಸ್ ನಾಬ್ ಇರುವುದನ್ನು.

ಬೆಸುಗೆಹೊಗೆ

ಅದನ್ನೇ ಮಾಡಿದೆ. ಒಳಗಿನ ಟ್ರಿಮ್‌ಪಾಟ್ ತೆಗೆದು, ಡಬ್ಬಿಗೆ ತೂತು ಕೊರೆದು ನಾಬ್ ಆಚೆ ತಂದೆ. ಕೊರೆಯುವಾಗ ಡ್ರಿಲ್ ಜಾರಿ ಬಣ್ಣದ ಮೇಲೆ ಉದ್ದಕ್ಕೆ ಗೀರು ಬಿತ್ತು. ನೋಡಿದವರು ಹಳೇದು ಅಂದುಕೊಳ್ಳಲಿ ಬಿಡಿ.

ಇವತ್ತು ಗೆಳೆಯರಿಗೆ ಅವರ ಪೆಡಲ್ ವಾಪಸ್ ಕೊಟ್ಟೆ. ನಾವು ಇಲ್ಲಿ ಹುಡುಕಿದ್ದನ್ನೆಲ್ಲ ಉದ್ದಕ್ಕೆ ಹೇಳಿದೆ, 113 ಕೆ, 4.6 ವೋಲ್ಟ್, ಒಣಗಿದ ಕೆಪಾಸಿಟರ್. ತಾಳ್ಮೆಯಿಂದ ಕೇಳಿಕೊಂಡು ಮನೆಗೆ ಹೋದರು. ಒಂದು ಗಂಟೆ ಬಿಟ್ಟು ಫೋನ್ ಬಂತು.

"ಇದರೊಳಗೆ ಒಂದು ಹಳೇ ಬ್ಯಾಟರಿ ಇತ್ತಲ್ಲ, ಎಲ್ಲಿ?"

ಎಸೆದೆ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ.

"ಅದು 7.4ಕ್ಕೆ ಇಳಿಯೋಕೆ ಎಂಟು ತಿಂಗಳು ಕಾದಿದ್ದೆ ಕಣೋ."